ವಿಂಡೋಸ್ 7 ಏಕೆ 6.1?

ವಿಂಡೋಸ್ 7 ಇರುವ ಹಳೆಯ ಗಣಕವೊಂದು ನಿಮ್ಮ ಶಾಲೆ ಅಥವಾ ಕಾಲೇಜಿನ ಮೂಲೆಯಲ್ಲಿ ಉಳಿದಿದ್ದರೆ ಅದನ್ನೊಮ್ಮೆ ಚಾಲೂ ಮಾಡಿ. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ತೆರೆದು ವಿ, ಇ, ಆರ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬೆರಳಚ್ಚಿಸಿ ಎಂಟರ್ ಕೀಲಿ ಒತ್ತಿ. ಅಲ್ಲಿ ಕಾಣುವ ಆವೃತ್ತಿ ಸಂಖ್ಯೆ 7 ಅಲ್ಲ, 6.1! ವಿಂಡೋಸ್ 8ರಲ್ಲಿ ಇದೇ ಪ್ರಶ್ನೆಗೆ 6.2 ಎಂಬ ಉತ್ತರ ಬರುತ್ತದೆ. ವಿಂಡೋಸ್ 11 ತನ್ನನ್ನು 10.0 ಎಂದೇ ಕರೆದುಕೊಳ್ಳುತ್ತದೆ. ಅದು 10ಓ 11ಓ ಎಂದು ತಿಳಿಯಬೇಕಾದರೆ ಅದರ ಮುಂದಿರುವ ಐದು ಅಂಕಿಗಳ ಬಿಲ್ಡ್ ಸಂಖ್ಯೆಯನ್ನು ನೋಡಬೇಕು. 22000 ಅಥವಾ ಹೆಚ್ಚಿದ್ದರೆ ಅದು 11.

ಹೊರಗೆ ಒಂದು ಹೆಸರು, ಒಳಗೆ ಇನ್ನೊಂದು ಸಂಖ್ಯೆ. ಹೀಗೇಕೆ?

ಇದಕ್ಕೆ ಉತ್ತರ ಹುಡುಕಲು 1995ಕ್ಕೆ ಹೋಗಬೇಕು. ಆ ವರ್ಷದ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95ರ ನಿಜವಾದ ಆವೃತ್ತಿ ಸಂಖ್ಯೆ 4.0. ಅದಕ್ಕೆ ಮುಂಚೆ ಬಳಕೆಯಲ್ಲಿದ್ದುದು ವಿಂಡೋಸ್ 3.1; ಪ್ರೋಗ್ರಾಂಗಳ ಕಣ್ಣಿಗೆ ಅದು 3.10. ಆಗಿನ ಅನೇಕ ಪ್ರೋಗ್ರಾಂಗಳು ಕೆಲಸ ಆರಂಭಿಸುವ ಮುನ್ನ, ‘ಇಲ್ಲಿರುವುದು 3.10 ಅಥವಾ ಅದಕ್ಕಿಂತ ಹೊಸದೇ?’ ಎಂದು ಪರೀಕ್ಷಿಸುತ್ತಿದ್ದವು. ಆದರೆ ಪರೀಕ್ಷೆ ಬರೆದವರಲ್ಲಿ ಕೆಲವರು ಎಡವಿದ್ದರು. ಮೊದಲ ಸಂಖ್ಯೆ 3ಕ್ಕಿಂತ ಕಡಿಮೆ ಇರಬಾರದು, ಎರಡನೆಯದು 10ಕ್ಕಿಂತ ಕಡಿಮೆ ಇರಬಾರದು ಎಂದು ಬೇರೆಬೇರೆಯಾಗಿ ನೋಡುತ್ತಿದ್ದರು. 4.0ದಲ್ಲಿ ಎರಡನೆಯ ಸಂಖ್ಯೆ ಸೊನ್ನೆ! ಹೀಗಾಗಿ ಪ್ರೋಗ್ರಾಂ ‘ವಿಂಡೋಸ್ ತೀರ ಹಳೆಯದು’ ಎಂದು ನಿಂತುಬಿಡುತ್ತಿತ್ತು. ಟಿಕೆಟ್ಟಿಗೆ 3 ರೂಪಾಯಿ 10 ಪೈಸೆ. ನೀವು ಪೂರ್ತಿ 4 ರೂಪಾಯಿ ಕೊಡುತ್ತೀರಿ. ‘ಹತ್ತು ಪೈಸೆ ಎಲ್ಲಿ?’ ಎಂದು ಕಂಡಕ್ಟರ್ ನಿಮ್ಮನ್ನು ಬಸ್ಸಿನಿಂದ ಇಳಿಸಿದರೆ ಹೇಗಿರುತ್ತದೆ? ಹಾಗೆ.

ಮೈಕ್ರೋಸಾಫ್ಟ್ ಕಂಡುಕೊಂಡ ಪರಿಹಾರ ಸರಳ. ಹಳೆಯ 16 ಬಿಟ್ ಪ್ರೋಗ್ರಾಂಗಳು ಕೇಳಿದಾಗ ವಿಂಡೋಸ್ 95 ತಾನು 3.95 ಎಂದು ಹೇಳತೊಡಗಿತು. 3ಕ್ಕೆ 3 ಸರಿಹೋಯಿತು, 95 ಹತ್ತಕ್ಕಿಂತ ಹೆಚ್ಚಾಯಿತು. ಇದಕ್ಕೂ ಮೊದಲೇ, 1991ರ ಎಂಎಸ್-ಡಾಸ್ 5ರಲ್ಲಿ ಸೆಟ್‌ವರ್ ಎಂಬ ಆದೇಶವಿತ್ತು. ಯಾವ ಪ್ರೋಗ್ರಾಮಿಗೆ ಯಾವ ಸಂಖ್ಯೆ ಹೇಳಬೇಕೆಂಬ ಪಟ್ಟಿಯನ್ನು ಅದರಲ್ಲಿ ಬರೆದಿಡಬಹುದಿತ್ತು. 2009ರ ವಿಂಡೋಸ್ 7 ವಿಸ್ತಾದ 6ನ್ನೇ ಉಳಿಸಿಕೊಂಡು 6.1 ಆದುದೂ ಇದೇ ಭಯದಿಂದ. ಅಂದರೆ ಆವೃತ್ತಿ ಸಂಖ್ಯೆಯನ್ನು ನಿಮಗೆ ಮಾಹಿತಿ ಕೊಡಲೆಂದು ಇಟ್ಟಿಲ್ಲ; ಹಳೆಯ ಪ್ರೋಗ್ರಾಂಗಳನ್ನು ಸಮಾಧಾನಪಡಿಸಲು ಇಟ್ಟಿದೆ.

ಹೊಂದಾಣಿಕೆಯ ಈ ತೊಡಕು ವಿಂಡೋಸ್‌ನಿಂದ ಶುರುವಾದುದಲ್ಲ. 1964ರವರೆಗೆ ಐಬಿಎಂ ಸಂಸ್ಥೆಯ ಗಣಕಗಳಲ್ಲೇ ಒಂದು ಶ್ರೇಣಿಯ ಭಾಷೆ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ದೊಡ್ಡ ಯಂತ್ರ ಕೊಂಡರೆ ಪ್ರೋಗ್ರಾಂಗಳನ್ನೆಲ್ಲ ಹೊಸದಾಗಿ ಬರೆಯಬೇಕಾಗುತ್ತಿತ್ತು. ಆ ವರ್ಷದ ಏಪ್ರಿಲ್ 7ರಂದು ಘೋಷಣೆಯಾದ ಸಿಸ್ಟಂ/360ರ ಆರು ಮಾದರಿಗಳು ಒಂದೇ ಆದೇಶಗಣವನ್ನು ಹಂಚಿಕೊಂಡವು. ಚಿಕ್ಕದರಲ್ಲಿ ಬರೆದದ್ದು ದೊಡ್ಡದರಲ್ಲೂ ನಡೆಯಬೇಕು ಎಂಬುದೇ ಅದರ ಹೆಗ್ಗಳಿಕೆ. ಆದರೆ 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ 360/44 ಈ ಕುಟುಂಬದಲ್ಲಿ ಸ್ವಲ್ಪ ಬೇರೆಯದೇ ಮಗು! ವೈಜ್ಞಾನಿಕ ಲೆಕ್ಕಗಳಿಗೆಂದು ರೂಪಿಸಿದ ಆ ಮಾದರಿಯಲ್ಲಿ ವಾಣಿಜ್ಯ ಬಳಕೆಯ ಕೆಲವು ಆದೇಶಗಳನ್ನು ಬಿಟ್ಟಿದ್ದರು. ಅದಕ್ಕೆ ತನ್ನದೇ ಆದ ಕಾರ್ಯಾಚರಣಾ ವ್ಯವಸ್ಥೆಯೂ ಇತ್ತು. ಹೆಸರು 360 ಎಂದಿದ್ದ ಮಾತ್ರಕ್ಕೆ ಎಲ್ಲ 360 ಪ್ರೋಗ್ರಾಂಗಳೂ ನಡೆಯುವ ಭರವಸೆ ಇರಲಿಲ್ಲ.

ನಾನು ಈ ಪಾಠ ಕಲಿತದ್ದು ಪುಸ್ತಕದಿಂದಲ್ಲ. 2003ರಲ್ಲಿ ನಮ್ಮ ವಿಭಾಗದಲ್ಲಿ ವಿಂಡೋಸ್ 98 ಇದ್ದ ಒಂದು ಗಣಕವಿತ್ತು. ಅದರೊಳಗಿನ ಐಎಸ್‌ಎ ಕಾರ್ಡು ಥರ್ಮಿಸ್ಟರಿನ ವೋಲ್ಟೇಜನ್ನು 0ಯಿಂದ 255ರವರೆಗಿನ ಸಂಖ್ಯೆಯಾಗಿ ಪರಿವರ್ತಿಸುತ್ತಿತ್ತು. ಟರ್ಬೋ ಸಿಯಲ್ಲಿ ಬರೆದ ಡಾಸ್ ಪ್ರೋಗ್ರಾಂ ಅದನ್ನು ಓದಿಕೊಳ್ಳುತ್ತಿತ್ತು. ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಅದರ ಮೇಲೆ ನಾಲ್ಕು ತಿಂಗಳಿಂದ ಪ್ರಯೋಗ ನಡೆಸುತ್ತಿದ್ದಳು. ನಾನಾಗ ಹೊಸ ಅಧ್ಯಾಪಕ, ಉತ್ಸಾಹ ಹೆಚ್ಚು. ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸಬಲ್ಲ ಮೊದಲ ವಿಂಡೋಸ್ ಎಕ್ಸ್‌ಪಿ. ಅದನ್ನು ಹಾಕಿಸಬೇಕೆಂಬ ಆಸೆ. ಅಗತ್ಯಗಳ ಪಟ್ಟಿ ನೋಡಿದೆ: 233 ಮೆಗಾಹರ್ಟ್ಸ್, 64 ಮೆಗಾಬೈಟ್ ಮೆಮೊರಿ. ನಮ್ಮದು 450 ಮತ್ತು 128. ಇನ್ನೇನು ಬೇಕು? ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಎಕ್ಸ್‌ಪಿ ಹಾಕಿದೆವು.

ಮರುದಿನ ಪ್ರೋಗ್ರಾಂ ಓಡಿತು. ಆದರೆ ಬಿಸಿನೀರಿಗೂ 255, ಮಂಜುಗಡ್ಡೆಗೂ 255. ಕಾರ್ಡು ಸುಟ್ಟಿರಬೇಕೆಂದು ಎರಡು ದಿನ ಥರ್ಮಿಸ್ಟರ್ ಬದಲಿಸಿದೆವು, ಬೆಸುಗೆ ಹಾಕಿದೆವು. ಕೊನೆಗೆ ಕಾರ್ಡನ್ನು ಪಕ್ಕದ ವಿಭಾಗದ ವಿಂಡೋಸ್ 98 ಗಣಕಕ್ಕೆ ಹಾಕಿದಾಗ ಏನೂ ಆಗದಂತೆ ಕೆಲಸ ಮಾಡಿತು!

ಕಾರಣ ಇದು. ವಿಂಡೋಸ್ 98ರಲ್ಲಿ ಡಾಸ್ ಪ್ರೋಗ್ರಾಂ ಯಂತ್ರಾಂಶದ ಪೋರ್ಟಿನೊಡನೆ ನೇರವಾಗಿ ಮಾತನಾಡಬಹುದಿತ್ತು. ಎಕ್ಸ್‌ಪಿ ಮಾತ್ರ 1993ರಲ್ಲಿ ಆರಂಭವಾದ ಎನ್‌ಟಿ ವಂಶದ್ದು. (ಆ ವಂಶದ ಮೊದಲ ಆವೃತ್ತಿಯ ಸಂಖ್ಯೆ 1.0 ಅಲ್ಲ, 3.1! ಸಂಖ್ಯೆಗಳನ್ನು ಎಷ್ಟು ನಂಬಬೇಕೆಂಬುದಕ್ಕೆ ಇದೂ ಒಂದು ಸಾಕ್ಷಿ.) ಅಲ್ಲಿ ಡಾಸ್ ಪ್ರೋಗ್ರಾಂ ಒಂದು ಕಲ್ಪಿತ ಗಣಕದೊಳಗೆ ನಡೆಯುತ್ತದೆ. ಆ ಕಲ್ಪಿತ ಗಣಕಕ್ಕೆ ನಮ್ಮ ಕಾರ್ಡು ಗೊತ್ತಿಲ್ಲ. ಖಾಲಿ ಕಿಂಡಿಯನ್ನು ಓದಿದರೆ ಬರುವಂತೆ ಎಂಟು ಬಿಟ್‌ಗಳನ್ನೂ 1 ಎಂದು ಅದು ಹಿಂದಿರುಗಿಸಿತು. ಅದೇ 255. ಕಾರ್ಡಿಗೆಂದೇ ಎನ್‌ಟಿ ವಂಶದ ಡ್ರೈವರ್ ಬೇಕಿತ್ತು. ಅದನ್ನು ಯಾರೂ ಬರೆದಿರಲಿಲ್ಲ. ವಿದ್ಯಾರ್ಥಿನಿಯ ದತ್ತಾಂಶ ಡಿಸ್ಕಿನೊಡನೆ ಅಳಿಸಿಹೋಗಿತ್ತು. ದಿನದಿನದ ಅಳತೆಗಳನ್ನು ರಿಜಿಸ್ಟರಿನಲ್ಲಿ ಬರೆಯಲೇಬೇಕೆಂದು ನಮ್ಮ ಪ್ರಯೋಗಾಲಯದ ಸಹಾಯಕರು ಹಟ ಹಿಡಿಯುತ್ತಿದ್ದುದರಿಂದ ಅವಳ ವರ್ಷ ಉಳಿಯಿತು. ಅವರ ಹಟಕ್ಕೆ ನಾನು ಹಿಂದೆ ನಕ್ಕದ್ದುಂಟು.

ಪಟ್ಟಿಯಲ್ಲಿ ಸುಳ್ಳಿರಲಿಲ್ಲ. ಪ್ರೊಸೆಸರ್, ಮೆಮೊರಿ ಎರಡೂ ಸಾಕಿದ್ದವು. ತಯಾರಕರಿಗೆ ಗೊತ್ತಿದ್ದ ಗಣಕವನ್ನು ಕುರಿತು ಮಾತ್ರ ಪಟ್ಟಿ ಹೇಳಬಲ್ಲದು, ನಿಮ್ಮ ಪೆಟ್ಟಿಗೆಯೊಳಗಿನ ಕಾರ್ಡಿನ ವಿಚಾರ ಅದರಲ್ಲಿರುವುದಿಲ್ಲ. 2006ರಲ್ಲಿ ಅಮೆರಿಕದ ಅಂಗಡಿಗಳಲ್ಲಿ ‘ವಿಸ್ತಾಕ್ಕೆ ಸಮರ್ಥ’ ಎಂಬ ಚೀಟಿ ಹೊತ್ತು ಮಾರಾಟವಾದ ಕೆಲವು ಗಣಕಗಳಲ್ಲಿ ವಿಸ್ತಾದ ಮೂಲ ಆವೃತ್ತಿಯಷ್ಟೇ ನಡೆಯುತ್ತಿತ್ತು. ಇಂಟೆಲ್ 915 ಚಿಪ್‌ಸೆಟ್ಟಿನ ಗ್ರಾಫಿಕ್ಸ್ ಹೊಸ ಪಾರದರ್ಶಕ ಕಿಟಕಿಗಳನ್ನು ತೋರಿಸಲಾರದು. 2007ರಲ್ಲಿ ಅದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಈಗಿನ ಪ್ರಶ್ನೆ ವಿಂಡೋಸ್ 11ರದು. ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಶಾಲೆಯ ಗಣಕಗಳನ್ನು ‘ಇವು 11ಕ್ಕೆ ಹೊಂದುವುದಿಲ್ಲ’ ಎಂದು ಗುಜರಿಗೆ ಹಾಕುವ ಮುನ್ನ, ಏಕೆ ಹೊಂದುವುದಿಲ್ಲ ಎಂದು ಕೇಳಿ. ಮೈಕ್ರೋಸಾಫ್ಟ್ 2021ರ ಜೂನ್‌ನಲ್ಲಿ ಕೊಟ್ಟ ತಪಾಸಣಾ ತಂತ್ರಾಂಶ ಮೊದಮೊದಲು ಕಾರಣವನ್ನೇ ಹೇಳುತ್ತಿರಲಿಲ್ಲ. ಟೀಕೆ ಬಂದ ಮೇಲೆ ಅದನ್ನು ಹಿಂತೆಗೆದು, ಕಾರಣ ಸಮೇತ ಮತ್ತೆ ಕೊಟ್ಟರು. ಟಿಪಿಎಂ 2.0 ಎಂಬ ಭದ್ರತಾ ಘಟಕ ಇಲ್ಲ ಎಂದು ಅದು ಹೇಳಿದರೆ, ಅನೇಕ ವೇಳೆ ಘಟಕ ಇದ್ದೇ ಇರುತ್ತದೆ. ಗಣಕದ ಆರಂಭಿಕ ಸೆಟ್ಟಿಂಗ್‌ನಲ್ಲಿ ಅದನ್ನು ಚಾಲೂ ಮಾಡಿರುವುದಿಲ್ಲ ಅಷ್ಟೆ. ಇಂಟೆಲ್‌ನ 8ನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರ್‌ಗಳನ್ನು ಕೆಲವು ಅಪವಾದಗಳ ಹೊರತು ಒಪ್ಪುವುದಿಲ್ಲ ಎಂಬುದು ತಯಾರಕರ ನೀತಿ. ನನ್ನ ದೃಷ್ಟಿಯಲ್ಲಿ ‘ಒಪ್ಪುವುದಿಲ್ಲ’ ಬೇರೆ, ‘ಆಗುವುದಿಲ್ಲ’ ಬೇರೆ. 2024ರ 24ಎಚ್2 ಆವೃತ್ತಿಗೆ ಪಾಪ್‌ಕೌಂಟ್ ಎಂಬ ಆದೇಶ ಪ್ರೊಸೆಸರಿನಲ್ಲಿ ಇರಲೇಬೇಕು. ಒಂದು ದ್ವಿಮಾನ ಸಂಖ್ಯೆಯಲ್ಲಿ ಎಷ್ಟು 1ಗಳಿವೆ ಎಂದು ಎಣಿಸುವ ಆದೇಶವದು. ನಮ್ಮ 255ನ್ನು ಕೊಟ್ಟರೆ 8 ಎನ್ನುತ್ತದೆ. ಅದಿಲ್ಲದ ಪ್ರೊಸೆಸರಿನಲ್ಲಿ ಏನು ಮಾಡಿದರೂ ಆ ಆವೃತ್ತಿ ಆರಂಭವಾಗದು.

ಇನ್ನು ಪ್ರಿಂಟರ್, ಸ್ಕ್ಯಾನರ್, ಪ್ರಯೋಗಾಲಯದ ಉಪಕರಣ. ಡಿವೈಸ್ ಮ್ಯಾನೇಜರ್ ತೆರೆದು ಅಲ್ಲಿನ ಪ್ರತಿಯೊಂದು ಸಾಲನ್ನೂ ಕಾಗದದ ಮೇಲೆ ಬರೆದುಕೊಳ್ಳಿ; ಪ್ರತಿಯೊಂದಕ್ಕೂ ಹೊಸ ವ್ಯವಸ್ಥೆಯ ಡ್ರೈವರ್ ಇದೆಯೇ ಎಂದು ಅದರ ತಯಾರಕರಲ್ಲೇ ವಿಚಾರಿಸಿ. ಸಾಧ್ಯವಾದರೆ ಹಳೆಯ ಡಿಸ್ಕನ್ನು ಹಾಗೆಯೇ ಬಿಚ್ಚಿ ತೆಗೆದಿರಿಸಿ, ಬೇರೊಂದು ಡಿಸ್ಕಿನ ಮೇಲೆ ಹೊಸದನ್ನು ಹಾಕಿ ನೋಡಿ. ಲಿನಕ್ಸ್‌ಗೆ ಹೋಗುವುದಾದರೆ ಅಷ್ಟೂ ಬೇಡ, ಪೆನ್ ಡ್ರೈವಿನಿಂದಲೇ ಅದನ್ನು ಚಾಲೂ ಮಾಡಿ ಯಾವ ಯಾವ ಉಪಕರಣ ಕಾಣುತ್ತದೆ ಎಂದು ಅರ್ಧ ಗಂಟೆಯಲ್ಲಿ ನೋಡಿಬಿಡಬಹುದು.