ನಾಗಪುರ 2020: ಯಾರ ಪ್ರಯಾಣ ಅಪರಾಧವಾಯಿತು?

2020ರ ಮಾರ್ಚ್‌ನಿಂದ ಮೇ ತನಕ ಅಮೆರಿಕದಲ್ಲಿ ಸುಮಾರು ಒಂದೂವರೆ ಕೋಟಿ ಮೊಬೈಲ್‌ಗಳ ಓಡಾಟವನ್ನು ಸಂಶೋಧಕರು ಲೆಕ್ಕ ಹಾಕಿದರು. ಟ್ರಂಪ್‌ಗೆ ಹೆಚ್ಚು ಮತ ಬಿದ್ದಿದ್ದ ಜಿಲ್ಲೆಗಳ ಜನ ಬೇರೆಯವರಷ್ಟು ಓಡಾಟ ಕಡಿಮೆ ಮಾಡಿರಲಿಲ್ಲ. ನಮ್ಮಲ್ಲೂ ಹೀಗೇ ಆಯ್ತಾ ಅಂತ ನೀವು ಕೇಳಬಹುದು. ನಾಗಪುರವನ್ನೇ ನೋಡೋಣ.

ಆರೆಸ್ಸೆಸ್ ಕೇಂದ್ರ ಕಚೇರಿ ಇರುವುದು ಇಲ್ಲಿ. 1956ರಲ್ಲಿ ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ ದೀಕ್ಷಾಭೂಮಿಯೂ ಇಲ್ಲೇ. ವಿಜಯದಶಮಿಗೆ ಎರಡೂ ಕಡೆ ದೊಡ್ಡ ಕಾರ್ಯಕ್ರಮ. 2020ರಲ್ಲಿ ದೀಕ್ಷಾಭೂಮಿಯ ಸಮಾರಂಭ ರದ್ದಾಯಿತು. ಸಂಘ ಸಭಾಂಗಣದೊಳಗೆ ಸುಮಾರು 50 ಜನರಲ್ಲಿ ಮುಗಿಸಿತು. ಸಿದ್ಧಾಂತ ಉತ್ತರ-ದಕ್ಷಿಣ, ನಡವಳಿಕೆ ಒಂದೇ. ಹಾಗಾದ್ರೆ ರಾಜಕೀಯ ಕೆಲಸ ಮಾಡಿದ್ದೆಲ್ಲಿ? ನನ್ನ ಪ್ರಕಾರ, ಇನ್ನೊಬ್ಬರ ಪ್ರಯಾಣವನ್ನು ನೋಡುವ ಕಣ್ಣಲ್ಲಿ.

ಮ್ಯಾನ್ಮಾರ್‌ನ ಎಂಟು ಮಂದಿ ತಬ್ಲೀಗ್ ಜಮಾಅತ್‌ನವರು ಆ ಮಾರ್ಚ್ ಮೊದಲ ವಾರ ವೀಸಾ ಹಿಡಿದು ಬಂದು ನಾಗಪುರ ಸೇರಿದ್ದರು. ತಾರೀಖು ಗಮನಿಸಿ. ಮಾರ್ಚ್ 13ರಂದು ನಮ್ಮ ಆರೋಗ್ಯ ಸಚಿವಾಲಯವೇ ಇದು ಆರೋಗ್ಯ ತುರ್ತುಸ್ಥಿತಿ ಅಲ್ಲ ಅಂದಿತ್ತು. ಲಾಕ್‌ಡೌನ್ ಬಂದದ್ದು 25ಕ್ಕೆ. ತಿಂಗಳ ಕೊನೆಗೆ ದೆಹಲಿಯ ನಿಜಾಮುದ್ದೀನ್ ಮರ್ಕಜ್ ಸುದ್ದಿಯಾಯಿತು ನೋಡಿ, ಟೀವಿಗಳಲ್ಲಿ "ಕೊರೊನಾ ಜಿಹಾದ್" ಶುರು. ನಮ್ಮ ಮನೆಗಳಲ್ಲಿ ಮುಸಾಫಿರ್ ಅನ್ನೋ ಪದಕ್ಕೊಂದು ಮರ್ಯಾದೆ ಇದೆ. ಆ ವಾರ ಅದು ಅನುಮಾನದ ಪದವಾಯಿತು. ಎಂಟೂ ಜನರ ಕೊರೊನಾ ಪರೀಕ್ಷೆ ನೆಗೆಟಿವ್. ಆದರೂ ಸೋಂಕು ಹರಡುವ ಕೃತ್ಯ, ವೀಸಾ ನಿಯಮ ಉಲ್ಲಂಘನೆ ಅಂತ ಚಾರ್ಜ್‌ಶೀಟ್ ಬಿತ್ತು. ಧರ್ಮಪ್ರಚಾರ ಮಾಡಿದರಂತೆ! ಸ್ಥಳೀಯ ಭಾಷೆಯೇ ಬಾರದವರು.

ಹಾಕಿದ ಕಾನೂನುಗಳಲ್ಲಿ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯೂ ಇತ್ತು. ಬಾಂಬೆ ಪ್ಲೇಗಿಗೆ ಬ್ರಿಟಿಷರು ಮಾಡಿದ್ದು. ಅದೇ ವರ್ಷ, ಯುರೋಪಿನ ಒತ್ತಡಕ್ಕೆ ಮಣಿದು, ಬಾಂಬೆಯಿಂದ ಹಜ್ ಯಾತ್ರೆಯನ್ನೂ ನಿಲ್ಲಿಸಿದ್ದರು.

2020ರ ಆಗಸ್ಟ್ 21ರಂದು ಔರಂಗಾಬಾದ್ ಪೀಠ 29 ವಿದೇಶಿ ತಬ್ಲೀಗಿಗಳ ಮೇಲಿನ ಎಫ್‌ಐಆರ್ ರದ್ದು ಮಾಡಿತು. ವಿಪತ್ತು ಬಂದಾಗ ಸರ್ಕಾರ ಬಲಿಪಶು ಹುಡುಕುತ್ತದೆ ಎಂಬರ್ಥದ ಮಾತನ್ನು ನ್ಯಾಯಮೂರ್ತಿ ನಲವಡೆ ಬರೆದರು. ಸೆಪ್ಟೆಂಬರ್ 21ರಂದು ನಾಗಪುರ ಪೀಠ ಈ ಎಂಟು ಮಂದಿಯ ಪ್ರಕರಣವನ್ನೂ ರದ್ದು ಮಾಡಿತು. ವಿಚಾರಣೆ ಮುಂದುವರಿಸಿದರೆ ನ್ಯಾಯಾಲಯದ ದುರುಪಯೋಗ ಅಂದಿತು. ಟೀವಿಯಲ್ಲಿ ಆರೋಪಕ್ಕೆ ಸಿಕ್ಕಿದ್ದ ಜಾಗ ಈ ತೀರ್ಪಿಗೆ ಸಿಗಲಿಲ್ಲ.

ಮರುವರ್ಷ ಹರಿದ್ವಾರದ ಕುಂಭಮೇಳ. ಏಪ್ರಿಲ್ 12, 14ರ ದೊಡ್ಡ ಸ್ನಾನಗಳು ಮುಗಿದ ಮೇಲೆ, 17ರಂದು ಪ್ರಧಾನಿ "ಸಾಂಕೇತಿಕವಾಗಿ ಮಾಡಿ" ಅಂತ ಕೇಳಿಕೊಂಡರು. ಅಲ್ಲಿಗೆ ಹೋದ ಬಡ ಯಾತ್ರಿಕರನ್ನು ನಾನು ಅಪರಾಧಿ ಅನ್ನಲಾರೆ. ಆದರೆ ಒಂದು ಕಡೆ ವಿನಂತಿ, ಇನ್ನೊಂದು ಕಡೆ ಎಫ್‌ಐಆರ್. ವಿದ್ಯಾರ್ಥಿಗಳೇ, ಎರಡೂ ತೀರ್ಪು ಹುಡುಕಿ ಓದಿ; ಪಕ್ಕದಲ್ಲಿ ಈ ತಾರೀಖುಗಳನ್ನು ಬರೆದಿಟ್ಟುಕೊಳ್ಳಿ.