ಒಂದು ದಿನದ ಹಕ್ಕು

ಕೆಲವು ತಿಂಗಳ ಹಿಂದೆ ನಾನು ಮಾಡಿಕೊಂಡ ಒಂದು ಎಡವಟ್ಟಿನಿಂದ ಶುರು ಮಾಡ್ತೀನಿ. ರಾತ್ರಿಯೆಲ್ಲ ಕೂತು ಬ್ಲೆಂಡರ್‌ನಲ್ಲಿ ಯಕ್ಷಗಾನದ ಬಣ್ಣದ ವೇಷವೊಂದನ್ನು ಕಡೆದಿದ್ದೆ. ಆಫೀಸಿನ ಗೆಳೆಯನೊಬ್ಬನ ಹತ್ತಿರ ರೆಸಿನ್ ಪ್ರಿಂಟರ್ ಇದೆ. ಅದರಲ್ಲಿ ಗೇಣುದ್ದದ ಗೊಂಬೆ ತಲೆ, ಕಿರೀಟ, ಮುಂಡ, ಕೈ ಅಂತ ಏಳು ತುಂಡಾಗಿ ಹೊರಬಂತು. ಇದಕ್ಕೆ ಸಿಲಿಕೋನ್ ಅಚ್ಚು ತೆಗೆದು, ಹತ್ತು ಹನ್ನೆರಡು ಪ್ರತಿ ಎರಕ ಹೊಯ್ದು, ನೆಂಟರಿಷ್ಟರಿಗೆ ಹಂಚೋಣ ಅಂತ ಆಸೆ. ಸುತ್ತ ಡಬ್ಬಿ ಕಟ್ಟಿ, ಸಿಲಿಕೋನ್ ಸುರಿದು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ... ಹೊರಗೆಲ್ಲ ಗಟ್ಟಿ, ಗೊಂಬೆಗೆ ತಾಗಿದ ಕಡೆ ಮಾತ್ರ ಹಲಸಿನ ಮೇಣದ ಹಾಗೆ ಅಂಟಂಟು!

ಸಿಲಿಕೋನ್ ಕೊಟ್ಟ ಅಂಗಡಿಯವರು ಫೋನಿನಲ್ಲೇ ನಕ್ಕರು. “ನೀವು ತಗೊಂಡಿದ್ದು ಪ್ಲಾಟಿನಂದು ಸಾರ್. ಪ್ರಿಂಟರ್ ಪೀಸಿಗೆ ಅದು ಸೆಟ್ಟಾಗಲ್ಲ. ಟಿನ್‌ದು ತಗೊಳ್ಳಿ.”

ವಿಷಯ ಇಷ್ಟೇ. ಅಚ್ಚಿನ ಸಿಲಿಕೋನಿನಲ್ಲಿ ಎರಡು ಜಾತಿ. ಒಂದು ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುತ್ತದೆ, ಇನ್ನೊಂದು ತವರದ ಸಂಯುಕ್ತದಿಂದ. ಬೆಳಕಿಗೆ ಗಟ್ಟಿಯಾಗುವ ಪ್ರಿಂಟರ್ ರೆಸಿನ್ನಿನ ಮೈಮೇಲೆ ಪೂರ್ತಿ ಬೇಯದ ಅಂಶ ಸ್ವಲ್ಪ ಉಳಿದಿರುತ್ತದೆ. ಅದು ಪ್ಲಾಟಿನಂ ಅನ್ನು ಕೆಲಸ ಮಾಡಲು ಬಿಡುವುದಿಲ್ಲ. ತವರದ್ದು ಅಷ್ಟು ಮಡಿವಂತಿಕೆಯದಲ್ಲ :-)

ಈ ಎರಡು ವಸ್ತುಗಳಿಗೆ ಯಾಕಪ್ಪಾ ಇಷ್ಟು ಜಗಳ ಅಂತ ಓದುತ್ತಾ ಹೋದಾಗ ಇವುಗಳ ಚರಿತ್ರೆ ಸಿಕ್ಕಿತು. ಅದಕ್ಕೆ ನಾವು ಜಪಾನಿಗೆ ಹೋಗಬೇಕು.

1964ರಲ್ಲಿ ಮಿಯಾವಾಕಿ ಒಸಾಮು ಎಂಬವರು ಒಸಾಕ ಪ್ರಾಂತ್ಯದಲ್ಲಿ ಕಾಯೊದೊ ಅಂತ ಒಂದು ಮಾಡೆಲ್ ಅಂಗಡಿ ತೆರೆದರು. ಒಂದೂವರೆ ತ್ಸುಬೊ ಜಾಗ, ಅಂದರೆ ನಮ್ಮ ಲೆಕ್ಕದಲ್ಲಿ ಐವತ್ತು ಚದರಡಿಗಿಂತ ಚೂರು ಜಾಸ್ತಿ. ಬೀಡಾ ಅಂಗಡಿ ಅನ್ನಿ. ಅಲ್ಲಿಗೆ ಬರುತ್ತಿದ್ದ ಹುಡುಗರಿಗೆ ವಿಮಾನ, ಟ್ಯಾಂಕುಗಳ ಕಿಟ್ ಸಾಕಾಗಲಿಲ್ಲ, ಸಿನಿಮಾದ ರಾಕ್ಷಸ ಪ್ರಾಣಿಗಳು, ಟೀವಿಯ ಪಾತ್ರಗಳು ಬೇಕಿತ್ತು. ಆದರೆ ಕಂಪನಿಗಳು ಪ್ಲಾಸ್ಟಿಕ್ ಕಿಟ್ ಮಾಡುವುದು ಉಕ್ಕಿನ ಅಚ್ಚಿನಲ್ಲಿ. ಆ ಅಚ್ಚಿಗೆ ಸುರಿದ ದುಡ್ಡು ವಾಪಸ್ ಬರಬೇಕಾದರೆ ಸಾವಿರಾರು ಡಬ್ಬಿ ಮಾರಬೇಕು. ಐವತ್ತೇ ಜನಕ್ಕೆ ಬೇಕಾದ ಗೊಂಬೆಯನ್ನು ಯಾವ ಕಂಪನಿ ಮಾಡೀತು?

1980ರ ದಶಕದ ಶುರುವಿನಲ್ಲಿ ಈ ಹುಡುಗರು ತಾವೇ ಕೈಹಾಕಿದರು. ಹಲ್ಲಿನ ಡಾಕ್ಟರು ಕಟ್ಟಿಸಲು ಬಾಯಿಯ ಅಚ್ಚು ತೆಗೆಯುತ್ತಾರಲ್ಲ, ಅದೇ ಸಾಮಾನು ತಂದು ಗೊಂಬೆಗಳ ಅಚ್ಚು ತೆಗೆದರು. ಆಮೇಲೆ ಬಂದದ್ದು ಸಿಲಿಕೋನ್ ಅಚ್ಚು ಮತ್ತು ಅದರೊಳಗೆ ಸುರಿಯುವ ಪಾಲಿಯುರೆಥೇನ್ ರೆಸಿನ್. ಎರಡು ದ್ರವ ಕಲಸಿ ಸುರಿದರೆ ಕೆಲವೇ ನಿಮಿಷದಲ್ಲಿ ಗಟ್ಟಿ. ಮನೆಯ ಮೂಲೆಯಲ್ಲಿ ಹುಟ್ಟಿದ ಇದಕ್ಕೆ ಗ್ಯಾರೇಜ್ ಕಿಟ್ ಅಂತ ಹೆಸರು ಬಿತ್ತು. ಮಣ್ಣು, ಪುಟ್ಟಿಯಲ್ಲಿ ಮೊದಲ ಗೊಂಬೆ ಕಡೆಯುವವನು ಗೆಂಕೇಶಿ, ಅಂದರೆ ಮೂಲರೂಪದ ಶಿಲ್ಪಿ.

ಒಸಾಕದಲ್ಲೇ 1982ರಲ್ಲಿ ಒಕಾಡ ತೊಶಿಯೊ ಮತ್ತು ತಕೆಡ ಯಾಸುಹಿರೊ ಜನರಲ್ ಪ್ರಾಡಕ್ಟ್ಸ್ ಅನ್ನುವ ಅಂಗಡಿ ಇಟ್ಟರು. ಈ ಬಳಗವೇ 1985ರ ಜನವರಿಯಲ್ಲಿ ಟೋಕಿಯೋದಲ್ಲಿ ಮೊದಲ ವಂಡರ್ ಫೆಸ್ಟಿವಲ್ ನಡೆಸಿತು. 1992ರಲ್ಲಿ ಅದರ ಹೊಣೆ ಕಾಯೊದೊ ಹೆಗಲಿಗೆ ಬಂತು. 2009ರಿಂದ ಅದು ಚಿಬಾದ ಮಕುಹಾರಿ ಮೆಸ್ಸೆ ಸಭಾಂಗಣದಲ್ಲಿ ನಡೆಯುತ್ತಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಜಾತ್ರೆ ಬೆಳೆಸಿದ ಒಂದು ಪದ್ಧತಿ. ಪಾತ್ರ ಯಾರದ್ದೋ, ಗೊಂಬೆ ಮಾಡುವವನು ಇನ್ಯಾರೋ. ಹೇಳದೆ ಮಾರಿದರೆ ಕಳ್ಳತನ, ಪೂರ್ತಿ ಲೈಸೆನ್ಸ್ ಕೊಳ್ಳಲು ಹುಡುಗರ ಹತ್ತಿರ ಕಾಸಿಲ್ಲ. ಹಾಗಾಗಿ ‘ತೋಜಿತ್ಸು ಹಾಂಕೆನ್’, ಅಂದರೆ ಆ ದಿನದ ಹಕ್ಕು. ತಿಂಗಳುಗಳ ಮೊದಲೇ ಅರ್ಜಿ ಹಾಕಿ, ಗೊಂಬೆಯ ಫೋಟೋ ಕಳಿಸಿ, ಎಷ್ಟು ಪ್ರತಿ, ಎಷ್ಟು ಬೆಲೆ ಅಂತ ತಿಳಿಸಬೇಕು. ಹಕ್ಕುದಾರರು ಒಪ್ಪಿದರೆ ಆ ಒಂದು ದಿನ, ಆ ಒಂದೇ ಜಾಗದಲ್ಲಿ ಮಾರಬಹುದು. ಸಂಜೆ ಬಾಗಿಲು ಹಾಕಿದ ಮೇಲೆ ಉಳಿದದ್ದನ್ನು ಮನೆಗೆ ಹೊತ್ತುಕೊಂಡು ಹೋಗಬೇಕು. ಮುಂದಿನ ಸಲಕ್ಕೆ ಮತ್ತೆ ಅರ್ಜಿ. ಬೆಳಗಾದರೆ ಹುಟ್ಟಿ ಸಂಜೆಗೆ ಸಾಯುವ ಹಕ್ಕು! ಕಾನೂನು ಇಷ್ಟು ಮನುಷ್ಯರ ಹಾಗೆ ನಡೆದುಕೊಂಡದ್ದನ್ನು ನಾನಂತೂ ಬೇರೆ ಕಡೆ ನೋಡಿಲ್ಲ.

ಈಗ ಒಸಾಕ ಬಿಟ್ಟು ಶಿಂಕಾನ್‌ಸೆನ್ ರೈಲಿನಲ್ಲಿ ಒಂದು ಗಂಟೆ ದೂರದ ನಗೋಯಾಕ್ಕೆ ಬನ್ನಿ. ಹುಡುಗರು ಹಲ್ಲಿನ ಡಾಕ್ಟರ ಸಾಮಾನು ಹಿಡಿದು ಕೂತಿದ್ದ ಅದೇ ಕಾಲದಲ್ಲಿ, ಅಲ್ಲಿನ ನಗರಸಭೆಯ ಕೈಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಕೊಡಾಮ ಹಿದೆಒ ಅಂತ ಒಬ್ಬರಿದ್ದರು. ಪತ್ರಿಕೆಗಳ ಮುದ್ರಣಫಲಕಕ್ಕೆ ಬಳಸುತ್ತಿದ್ದ, ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವವನ್ನು ಒಂದರ ಮೇಲೊಂದು ಪದರವಾಗಿ ಗಟ್ಟಿಮಾಡುತ್ತಾ ಹೋದರೆ ವಸ್ತುವೇ ಎದ್ದು ನಿಲ್ಲುತ್ತದಲ್ಲ ಅಂತ ಅವರಿಗೆ ಹೊಳೆಯಿತು. ಪುಟ್ಟದೊಂದು ಮನೆಯ ಮಾದರಿ ಮಾಡಿಯೂ ತೋರಿಸಿದರು. 1980ರಲ್ಲಿ ಪೇಟೆಂಟಿಗೆ ಅರ್ಜಿ, 1981ರಲ್ಲಿ ಪ್ರಬಂಧ. ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಅರ್ಜಿ ಹಾಕಿದ ಮೇಲೆ ಪರಿಶೀಲನೆ ಮಾಡಿ ಅಂತ ಗಡುವಿನೊಳಗೆ ಬೇರೆಯಾಗಿ ಕೇಳಬೇಕಿತ್ತು. ಕೇಳಲಿಲ್ಲ, ಹಕ್ಕು ಕೈತಪ್ಪಿತು. ಅತ್ತ ಅಮೆರಿಕದಲ್ಲಿ ಚಕ್ ಹಲ್ 1984ರಲ್ಲಿ ಅರ್ಜಿ ಹಾಕಿ, 1986ರಲ್ಲಿ ಪೇಟೆಂಟ್ ಪಡೆದು, ತ್ರೀಡಿ ಸಿಸ್ಟಮ್ಸ್ ಕಂಪನಿ ಕಟ್ಟಿದರು. 1995ರಲ್ಲಿ ಬ್ರಿಟನ್ನಿನ ರ‍್ಯಾಂಕ್ ಪ್ರಶಸ್ತಿಯನ್ನು ಇಬ್ಬರಿಗೂ ಹಂಚಿ ಕೊಟ್ಟಾಗ ಕೊಡಾಮರ ಪಾಲು ಜಗತ್ತಿಗೆ ಕಂಡಿತು. ತಮಾಷೆ ಏನು ಗೊತ್ತಾ? ಕೊಡಾಮ ಆಮೇಲೆ ಬೇರೆಯವರ ಪೇಟೆಂಟ್ ಕಾಯುವ ವಕೀಲರಾದರು!

ಇಷ್ಟು ಹತ್ತಿರ ಹುಟ್ಟಿದ ಪ್ರಿಂಟಿಂಗೂ ಗೊಂಬೆಯ ಎರಕವೂ ಹವ್ಯಾಸಿಯ ಮೇಜಿನ ಮೇಲೆ ಭೇಟಿಯಾಗಲು ಸುಮಾರು ಮೂವತ್ತು ವರ್ಷ ಹಿಡಿಯಿತು. 1999ರಲ್ಲಿ ಝಡ್‌ಬ್ರಶ್ ಬಂದು ಮಣ್ಣು ಕಡೆದ ಹಾಗೆ ಪರದೆಯಲ್ಲೇ ಕಡೆಯುವ ದಾರಿ ಆಯಿತು. 2012ರಲ್ಲಿ ಫಾರ್ಮ್‌ಲ್ಯಾಬ್ಸ್ ಜನರಿಂದಲೇ ದುಡ್ಡು ಕೂಡಿಸಿ ಮೇಜಿನ ಮೇಲಿಡುವ ರೆಸಿನ್ ಪ್ರಿಂಟರ್ ತಂದಿತು. ಒಂದು ಲಕ್ಷ ಡಾಲರ್ ಕೇಳಿದ್ದಕ್ಕೆ ಸುಮಾರು 29 ಲಕ್ಷ ಡಾಲರ್ ಬಂತು. ಅದೇ ವರ್ಷ ತ್ರೀಡಿ ಸಿಸ್ಟಮ್ಸ್ ಪೇಟೆಂಟ್ ಮೊಕದ್ದಮೆಯನ್ನೂ ಹೂಡಿತು, 2014ರಲ್ಲಿ ರಾಜಿಯಾಯಿತು. ಆಮೇಲೆ ಚೀನಾದ ಅಗ್ಗದ ಎಲ್‌ಸಿಡಿ ಪ್ರಿಂಟರುಗಳು. ನನ್ನ ಗೆಳೆಯನದೂ ಅಂಥದ್ದೇ.

ಪ್ರಿಂಟರ್ ಇದ್ದ ಮೇಲೆ ಎರಕ ಯಾಕೆ ಅಂತ ಕೇಳಬಹುದು. ನನ್ನ ಗೊಂಬೆ ಪ್ರಿಂಟಾಗಲು ಒಂಬತ್ತು ಗಂಟೆ ಬೇಕಾಯಿತು. ಎರಕವಾದರೆ ಸುರಿದು, ಕಾದು, ಬಿಡಿಸುವುದು ಅರ್ಧ ಗಂಟೆಯ ಕೆಲಸ. ಯುರೆಥೇನ್ ಅನ್ನು ಉಜ್ಜಿ, ಕೊರೆದು, ಬಣ್ಣ ಹಚ್ಚುವುದೂ ಸಲೀಸು.

ಆದರೆ ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದೇ ಬೇರೆ. ಸಿಲಿಕೋನ್ ಅಚ್ಚು ಇಪ್ಪತ್ತು ಮೂವತ್ತು ಎರಕಕ್ಕೆ ಸುಸ್ತಾಗುತ್ತದೆ. ಸಣ್ಣ ಸಂದುಗಳು ಮೊದಲು ಹರಿಯುತ್ತವೆ. ಎರಕದ ಗೊಂಬೆಯಿಂದಲೇ ಕಳ್ಳ ಅಚ್ಚು ತೆಗೆದರೆ ಪ್ರತಿ ತಲೆಮಾರಿಗೂ ಗೊಂಬೆ ಕೂದಲೆಳೆಯಷ್ಟು ಕುಗ್ಗುತ್ತದೆ, ಮುಖದ ಗೆರೆ ಮಂಕಾಗುತ್ತದೆ. ಬಲ್ಲವರು ಅಳತೆ ಹಿಡಿದೇ ಕಳ್ಳಪ್ರತಿ ಪತ್ತೆ ಮಾಡುತ್ತಾರೆ. ಹೀಗೆ ಆ ಒಂದು ದಿನದ ಹಕ್ಕಿಗೆ ಸಾಮಗ್ರಿಯೇ ಕಾವಲು ನಿಂತಿತ್ತು. ಫೈಲಿಗೆ ಈ ಸುಸ್ತಿಲ್ಲ. ಸಾವಿರದ ಪ್ರತಿಯೂ ಮೊದಲನೆಯದರಷ್ಟೇ ಚೂಪು. ವಂಡರ್ ಫೆಸ್ಟಿವಲ್‌ನಲ್ಲಿ ಈಗ ಎರಕವಿಲ್ಲದ, ನೇರ ಪ್ರಿಂಟಿನ ಕಿಟ್‌ಗಳನ್ನು ಮಾರುವವರೂ ಇದ್ದಾರೆ. ಅಂಥವರ ಹಕ್ಕು ಸಂಜೆಗೆ ಸತ್ತರೂ ಫೈಲು ಬದುಕಿರುತ್ತದೆ.

ಇರಲಿ. ಟಿನ್ ಸಿಲಿಕೋನ್ ತಂದು ಎರಡನೇ ಸಲ ಅಚ್ಚು ತೆಗೆದೆ. ಮಳೆಗಾಲದ ಬೆಂಗಳೂರು, ಗಾಳಿಯ ತೇವಕ್ಕೆ ಯುರೆಥೇನ್ ನೊರೆ ಬಂದು ಮೊದಲ ಮೂರು ಗೊಂಬೆ ದೋಸೆಯ ಹಾಗೆ ತೂತು ತೂತು. ಆಮೇಲೆ ಸರಿಯಾಗಿ ಬಂದವು. ಹತ್ತೊಂಬತ್ತನೆಯದಕ್ಕೆ ಕಿರೀಟದ ಅಚ್ಚು ಹರಿಯಿತು. ಯಾಕೋ ಬೇಜಾರಾಗಲಿಲ್ಲ, ಕೆಲಸ ಮುಗಿಯಿತು ಅನ್ನಿಸಿತು.

ಮಾರನೇ ದಿನ ಕ್ಯಾಂಟೀನಿನಲ್ಲಿ ಪ್ರಿಂಟರ್ ಗೆಳೆಯ ಸಿಕ್ಕಿ, “ನಿನ್ ಫೈಲ್ ನನ್ ಪೆನ್‌ಡ್ರೈವಲ್ಲೇ ಇದೆ ಕಣೋ, ಇಟ್ಕೊಳ್ಳಾ, ಅಳಿಸ್ಲಾ?” ಅಂದ.

ನಾನಿನ್ನೂ ಉತ್ತರ ಕೊಟ್ಟಿಲ್ಲ.