ಕಡಿತದ ಬಲ ಅಳೆದ ಕಥೆ: ಬಿಳಿ ಶಾರ್ಕ್ ಮತ್ತು ಕಪ್ಪು ಪಿರಾನ್ಹಾ

1666ರಲ್ಲಿ ಇಟಲಿಯ ಲಿವೊರ್ನೊ ಬಳಿ ಮೀನುಗಾರರಿಗೆ ಭಾರೀ ಶಾರ್ಕ್ ಒಂದು ಸಿಕ್ಕಿತು. ಫ್ಲಾರೆನ್ಸಿಗೆ ತಂದ ಅದರ ತಲೆಯನ್ನು ಡೆನ್ಮಾರ್ಕಿನ ಅಂಗರಚನಾ ತಜ್ಞ ನೀಲ್ಸ್ ಸ್ಟೆನ್ಸನ್ ಕೊಯ್ದು ನೋಡಿದರು. ಬಂಡೆಗಳಲ್ಲಿ ಸಿಗುತ್ತಿದ್ದ ತ್ರಿಕೋನಾಕಾರದ ‘ನಾಲಗೆ ಕಲ್ಲು’ಗಳು ಹಳೆಯ ಶಾರ್ಕ್ ಹಲ್ಲುಗಳೇ ಎಂದು ಮರುವರ್ಷ ಬರೆದರು. ಬೇಟೆಮೀನಿನ ಬಾಯನ್ನು ಶಾಸ್ತ್ರೀಯವಾಗಿ ನೋಡುವ ಕೆಲಸಕ್ಕೆ ಹಲ್ಲೇ ಮೊದಲ ಮೆಟ್ಟಿಲಾಯಿತು.

ಮುಂದಿನದು ಹೆಸರಿಡುವ ಕಾಲ. ಸ್ವೀಡನ್ನಿನ ನಿಸರ್ಗತಜ್ಞ ಲಿನೇಯಸ್ 1758ರಲ್ಲಿ ಬಿಳಿ ಶಾರ್ಕಿಗೂ 1766ರಲ್ಲಿ ದಕ್ಷಿಣ ಅಮೆರಿಕದ ಕಪ್ಪು ಪಿರಾನ್ಹಾಕ್ಕೂ ಶಾಸ್ತ್ರೀಯ ಹೆಸರು ಕೊಟ್ಟರು. ಪಿರಾನ್ಹಾವನ್ನು ಸಾಲ್ಮನ್ ಮೀನುಗಳ ಗುಂಪಿಗೆ ಸೇರಿಸಿಬಿಟ್ಟಿದ್ದರು. ಇಪ್ಪತ್ತನೆಯ ಶತಮಾನ ಎರಡಕ್ಕೂ ಕೆಟ್ಟ ಹೆಸರು ತಂದಿತು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ 1914ರ ತಮ್ಮ ಬ್ರೆಜಿಲ್ ಪ್ರವಾಸಕಥನದಲ್ಲಿ ಪಿರಾನ್ಹಾವನ್ನು ರಾಕ್ಷಸನನ್ನಾಗಿಸಿದರೆ, 1975ರ ‘ಜಾಸ್’ ಚಿತ್ರ ಬಿಳಿ ಶಾರ್ಕನ್ನು ಕೊಲೆಗಡುಕನನ್ನಾಗಿಸಿತು.

ಭಯದ ಜಾಗಕ್ಕೆ ಅಳತೆ ಬಂದದ್ದು ಈ ಶತಮಾನದಲ್ಲಿ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಸ್ಟೀಫನ್ ರೋ ಅವರ ತಂಡ 2.4 ಮೀಟರ್ ಉದ್ದದ ಬಿಳಿ ಶಾರ್ಕಿನ ತಲೆಯನ್ನು ಸಿಟಿ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ದವಡೆಯ ಮಾದರಿ ಕಟ್ಟಿತು. ಆ ಲೆಕ್ಕವನ್ನು ಹಿಗ್ಗಿಸಿದಾಗ 6.4 ಮೀಟರ್ ಉದ್ದ, 3,324 ಕಿಲೋ ತೂಕದ ಶಾರ್ಕಿಗೆ ಸಿಕ್ಕ ಉತ್ತರ ಸುಮಾರು 18,200 ನ್ಯೂಟನ್. ಅಂದರೆ 1,850 ಕಿಲೋ ಭಾರ ಹೇರಿದಷ್ಟು.

2012ರಲ್ಲಿ ಪ್ರಕಟವಾದ ಪಿರಾನ್ಹಾ ಅಧ್ಯಯನದ ದಾರಿ ಬೇರೆ. ಅಮೆಜಾನಿನ ಉಪನದಿ ಶಿಂಗುವಿನ ದಡದಲ್ಲಿ ಸಂಶೋಧಕರು ಜೀವಂತ ಮೀನನ್ನು ಕೈಯಲ್ಲಿ ಹಿಡಿದು, ಅಳತೆಯಂತ್ರದ ತಟ್ಟೆಗಳನ್ನು ಬಾಯಿಗೆ ಕೊಟ್ಟರು. ಮೀನು ಕಚ್ಚಿತು. ಗರಿಷ್ಠ ಬಲ 320 ನ್ಯೂಟನ್, ಆ ಮೀನಿನದೇ ತೂಕದ ಸುಮಾರು 30 ಪಟ್ಟು. ಶಾರ್ಕಿನ ಲೆಕ್ಕದಲ್ಲಿ ಕಡಿತದ ಬಲ ಮೈತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಹಾಗೆಂದು ಪಿರಾನ್ಹಾ ಗೆದ್ದಿತು ಎನ್ನುವ ಆತುರ ಬೇಡ. ಉದ್ದ ಇಮ್ಮಡಿಯಾದರೆ ಸ್ನಾಯುವಿನ ಬಲ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟು. ಆದ್ದರಿಂದ ಇಂಥ ಲೆಕ್ಕದಲ್ಲಿ ಚಿಕ್ಕ ಪ್ರಾಣಿ ಸಾಮಾನ್ಯವಾಗಿ ಮುಂದು. ಆ ಅನುಕೂಲವನ್ನು ಕಳೆದು ನೋಡಿದರೂ ಕಪ್ಪು ಪಿರಾನ್ಹಾ ಹಿಂದೆ ಬೀಳುವುದಿಲ್ಲ: ಮೈತೂಕದ ಶೇ. 2ಕ್ಕೂ ಹೆಚ್ಚು ಪಾಲು ದವಡೆಯ ಸ್ನಾಯುವೇ. ಶಾರ್ಕಿನದು ಕಂಪ್ಯೂಟರ್ ಮಾದರಿಯ ಲೆಕ್ಕ, ಪಿರಾನ್ಹಾದ್ದು ಕೈಯಲ್ಲಿ ಹಿಡಿದು ಅಳೆದದ್ದು ಎಂಬುದನ್ನೂ ಮರೆಯಬಾರದು.

ಕೊನೆಗೆ ಅಧ್ಯಯನ ಮತ್ತೆ ಹಲ್ಲಿಗೇ ಬಂದಿದೆ. ಶಾರ್ಕಿನ ಮೃದ್ವಸ್ಥಿಯ ದವಡೆಯಲ್ಲಿ ಹಲ್ಲುಗಳು ಸಾಲುಸಾಲಾಗಿ ಕಾದಿದ್ದು, ಬಿದ್ದದ್ದರ ಜಾಗಕ್ಕೆ ಹಿಂದಿನದು ಸರಿದು ಬರುತ್ತದೆ. ಪಿರಾನ್ಹಾದ ಹಲ್ಲುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವುದರಿಂದ, ದವಡೆಯ ಒಂದು ಪಕ್ಕದವು ಒಟ್ಟಿಗೇ ಉದುರಿ ಹೊಸವು ಒಟ್ಟಿಗೇ ಏಳುತ್ತವೆ ಎಂದು 2019ರ ಸ್ಕ್ಯಾನ್ ಅಧ್ಯಯನ ತೋರಿಸಿತು. ನಮ್ಮ ಮಾರುಕಟ್ಟೆಗಳಲ್ಲಿ ರೂಪ್‌ಚಂದ್ ಎಂದು ಮಾರುವ ಪಾಕು ಇದರ ದಾಯಾದಿ. ಅದರ ಬಾಯಿ ತೆರೆದರೆ ಕಾಣುವುದು ಕಾಯಿ-ಬೀಜ ಅಗಿಯುವ ಚಪ್ಪಟೆ ಹಲ್ಲು. ಒಂದೇ ವಂಶ, ಊಟ ಬೇರೆಯಾದಂತೆ ಬಾಯಿಯೂ ಬೇರೆ.

ಯಾವುದು ಬಲಶಾಲಿ ಎಂಬ ಪ್ರಶ್ನೆ ಹೀಗೆ ಯಾವ ಬಾಯಿ ಯಾವ ಬದುಕಿಗೆ ಎಂಬ ಪ್ರಶ್ನೆಯಾಗಿ ಬೆಳೆದಿದೆ. ಇದಕ್ಕೆ ಉತ್ತರ ಕೊಡಬಲ್ಲದ್ದು ಜೀವಂತ ಮೀನು. ಬಿಳಿ ಶಾರ್ಕ್ ಇಂದು ಅಳಿವಿನ ಭೀತಿಯ ಪಟ್ಟಿಯಲ್ಲಿದೆ. ಶಿಂಗುವಿಗೆ ಅಡ್ಡಲಾಗಿ ಬೆಲೊ ಮಾಂಚಿ ಅಣೆಕಟ್ಟು ಎದ್ದಿದೆ. ಕಡಲೂ ಹೊಳೆಯೂ ಉಳಿದರೆ ಮಾತ್ರ ಈ ಅಳತೆ ಮುಂದುವರಿದೀತು.